ಹೆಚ್ಚು ಹೊತ್ತು ತೊಳೆದ ರೀಲು

ಕೆಂಪು ದೀಪದಡಿ, ಟ್ರೇಯೊಳಗಿನ ಕಾಗದದ ಮೇಲೆ ಮೊದಲು ಮೂಡಿದ್ದು ಎರಡು ಜಡೆ. ಆಮೇಲೆ ಕೊಂಚ ಮಸುಕಾದ ಮುಖ. ಸೀತಾಲಕ್ಷ್ಮಿಯ ಕೈಯಿಂದ ಇಕ್ಕಳ ಜಾರಿತು. ಅದು ಅವಳ ಮಗಳು ವಾರಿಜಾ.

ರೀಲು ಮಗಳದ್ದಲ್ಲ. ಬೆಳಿಗ್ಗೆ, ಸೀತಾಲಕ್ಷ್ಮಿ ಜಯನಗರದ ತನ್ನ ಫೋಟೋ ಸ್ಟುಡಿಯೋ ಬಾಗಿಲು ತೆಗೆಯುವಾಗಲೇ ಅಪರಿಚಿತ ತರುಣನೊಬ್ಬ ತಂದುಕೊಟ್ಟದ್ದು. ಕೊರಳಲ್ಲಿ ಮೊಳದುದ್ದದ ಲೆನ್ಸಿನ ಕ್ಯಾಮೆರಾ. ಮಾತಾಡುವಾಗ ಅವಳ ಮುಖ ನೋಡಿರಲಿಲ್ಲ.

"ನೀವೇ ತೊಳೀಬೇಕು ಮೇಡಂ, ಬೇರೆಯವ್ರ ಕೈಗೆ ಕೊಡ್ಬೇಡಿ. ಸ್ವಲ್ಪ ಹೆಚ್ಚು ಹೊತ್ತು ಡೆವಲಪ್ ಮಾಡಿ. ನೆರಳಲ್ಲಿರೋದೂ ಕಾಣ್ಬೇಕು."

ಸಂಜೆ ಬರುವೆನೆಂದು ಹೇಳಿ ಹೋಗಿದ್ದ.

ಅವಳು ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದಳು. ಕಾಲೇಜಿನ ಗೇಟಿನಲ್ಲಿ ವಾರಿಜಾ. ಬನಶಂಕರಿ ಬಸ್‌ಸ್ಟಾಪಿನಲ್ಲಿ ವಾರಿಜಾ. ಮನೆಯ ತಿರುವಿನಲ್ಲಿ ವಾರಿಜಾ. ಒಂದರಲ್ಲೂ ಕ್ಯಾಮೆರಾದ ಕಡೆ ನೋಡಿಲ್ಲ. ಬಸ್‌ಸ್ಟಾಪಿನ ಕಂಬ, ಅದರಾಚೆಯ ಮರ, ಇನ್ನೂ ಆಚೆಯ ಗೋಡೆ ಒಂದಕ್ಕೊಂದು ಅಂಟಿಕೊಂಡಂತಿದ್ದವು. ಉದ್ದ ಲೆನ್ಸು ದೂರವನ್ನು ಹಾಗೆ ಮಡಚಿಬಿಡುತ್ತದೆ. ಅಂದರೆ ತೆಗೆದವನು ಎಲ್ಲೋ ದೂರದಲ್ಲಿ ಅಡಗಿದ್ದ.

ಈಚೆಗೆ ಮಗಳು ಸ್ಟುಡಿಯೋ ಕಡೆ ಸುಳಿಯುತ್ತಿರಲಿಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಪರೀಕ್ಷೆಯ ಭಯವೆಂದುಕೊಂಡು ತಾಯಿ ತಲೆಗೆ ಎಣ್ಣೆ ತಟ್ಟಿ, ಹಾಲು ಕುಡಿಸಿ ಮಲಗಿಸುತ್ತಿದ್ದಳು.

ಹೊರಗೆ ಬಂದು ಅಂಗಡಿಯ ಸಹಾಯಕ ಅನಂತಪದ್ಮನಾಭನಿಗೆ ಹೇಳಿದಳು. ಗಂಡ ತೀರಿಹೋದ ಮೇಲೆ ಕೌಂಟರು, ಹೊರಗಿನ ಓಡಾಟ ಎಲ್ಲ ಅವನದೇ. ಮಧ್ಯಾಹ್ನ ಫೋಟೋ ಹಂಚಲು ಹೊರಟರೆ ಎಷ್ಟೋ ದಿನ ದೀಪ ಹಚ್ಚುವ ಹೊತ್ತಿಗೇ ಬರುತ್ತಿದ್ದ. ಪ್ರಿಂಟು ತೋರಿಸಿ ಎಂದ. ಇನ್ನೂ ಹಸಿಯೆಂದಳು. ಅವನ ಮುಖ ಬಿಳಿಚಿಕೊಂಡಿತು. ತನ್ನಷ್ಟೇ ಹೆದರುವ ಒಂದು ಜೀವ ಇದೆಯಲ್ಲ ಎಂದು ಅವಳಿಗೆ ಧೈರ್ಯ ಬಂತು.

"ನೀವು ಅಂಗಡೀಲೇ ಇರಿ ಅಕ್ಕ. ಕಾಲೇಜು ಬಿಡೋ ಹೊತ್ತಾಯ್ತು. ಮಗೂನ ನಾನೇ ಕರ್ಕೊಂಡ್ ಬರ್ತೀನಿ."

ಅವಳು ಕೈಮುಗಿದಳು. ಸ್ಕೂಟರ್ ಹೊರಟಿತು.

ಪೊಲೀಸರಿಗೆ ತೋರಿಸಲು ಚೊಕ್ಕವಾದ ಪ್ರಿಂಟು ಬೇಕಿತ್ತು. ಮತ್ತೆ ಕತ್ತಲೆಕೋಣೆಗೆ ಹೋದಳು. ಪ್ರಿಂಟು ಹಾಕುವ ಯಂತ್ರದ ಫೋಕಸ್ ಎಷ್ಟು ತಿದ್ದಿದರೂ ವಾರಿಜಾ ಮಸುಕಾಗಿಯೇ ಉಳಿದಳು. ಹಿಂದಿನ ಮರದ ತೊಗಟೆ ಮಾತ್ರ ಗೆರೆಗೆರೆಯಾಗಿ ಸ್ಪಷ್ಟ. ಉದ್ದ ಲೆನ್ಸು ಗುರಿಯಿಟ್ಟದ್ದನ್ನಷ್ಟೇ ಹಿಡಿಯುತ್ತದೆ. ಅದರ ಮುಂದಿನದೂ ಹಿಂದಿನದೂ ಕಲಸಿಹೋಗುತ್ತದೆ. ಉಳಿದ ನೆಗೆಟಿವ್‌ಗಳನ್ನೂ ನೋಡಿದಳು. ಎಲ್ಲದರಲ್ಲೂ ಮಗಳು ಮಸುಕು. ಎಲ್ಲದರಲ್ಲೂ ಅವಳ ಹಿಂದೆ, ನೆರಳಿನಲ್ಲಿ, ಗಂಡಸೊಬ್ಬನ ಆಕೃತಿ ಚೊಕ್ಕ.

ತರುಣನ ಲೆನ್ಸು ಬೆನ್ನುಹತ್ತಿದ್ದು ಮಗಳನ್ನಲ್ಲ, ಅವನನ್ನು.

ಆ ಕಪ್ಪು ಮುಖ ತಿಳಿಯಾಗಿ ಕಾಣಲೆಂದು ಅದರ ಮೇಲೆ ಬೆಳಕು ಕಡಿಮೆ ಬೀಳುವಂತೆ ಬೆರಳು ಅಡ್ಡ ಹಿಡಿದು ಹೊಸ ಕಾಗದಕ್ಕೆ ಬೆಳಕು ಕೊಟ್ಟಳು. ಟ್ರೇಯಲ್ಲಿ ಮುಳುಗಿಸಿದಳು. ಕಾಲರ್ ಮೂಡಿತು. ಮೀಸೆ ಮೂಡಿತು.

ಆಮೇಲೆ, ಈಗಷ್ಟೇ ಮಗಳನ್ನು ಕರೆತರಲು ತಾನೇ ಕಳಿಸಿಕೊಟ್ಟ ಅನಂತಪದ್ಮನಾಭನ ಕಣ್ಣುಗಳು.