ಚಂಚಿಯೊಳಗಿನ ಎಚ್ಚರ

"ಮೊಬೈಲ್‌ನ್ಯಾಗ ಏನೂ ಬರವಲ್ದು," ಎಂದಳು ನಾಗರತ್ನಾ. ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ಘಾಟಿಗೆ ಅವಳ ಕಣ್ಣು ಉರಿಯುತ್ತಿತ್ತು. ಚೀಲ ತೂಗಿಸುವಾಗ ಪಕ್ಕದಲ್ಲೇ ನಿಂತಿದ್ದ ಅವ್ವ ಕಾಣೆಯಾಗಿ ತಾಸಿನ ಮೇಲಾಗಿತ್ತು. ಹೊಳಿಯವ್ವ ಎಂಬ ತನ್ನ ಹೆಸರನ್ನೂ ಆಗಾಗ ಮರೆಯುವವಳು.

ಅದಕ್ಕೆಂದೇ ನಾಗರತ್ನಾ ರಾಣೆಬೆನ್ನೂರಿನ ತನ್ನ ರಿಪೇರಿ ಅಂಗಡಿಯಲ್ಲಿ ಇರುವ ಜಾಗ ಪತ್ತೆಹಚ್ಚುವ ಬೆರಳಗಲದ ಸರ್ಕ್ಯೂಟ್ ಬೋರ್ಡೊಂದನ್ನು ಮಾಡಿ, ಅವ್ವನ ಎಲೆ ಅಡಿಕೆಯ ಚಂಚಿಯೊಳಗೆ ಹೊಲಿದಿದ್ದಳು. ಬ್ಯಾಟರಿ ಉಳಿಯಲೆಂದು ಅದನ್ನು ಸ್ಲೀಪ್ ಮೋಡ್‌ನಲ್ಲಿ ಇಟ್ಟಿದ್ದಳು. ಚಂಚಿ ಬಿಚ್ಚಿ ಒಳಗೆ ಬೆಳಕು ಬಿದ್ದರೆ ಮಾತ್ರ ಅದು ಎಚ್ಚರಾಗಿ, ಅವ್ವ ಎಲ್ಲಿದ್ದಾಳೆಂದು ನಾಗರತ್ನಾಳ ಮೊಬೈಲಿಗೆ ತಿಳಿಸಿ, ಮತ್ತೆ ಮಲಗುತ್ತಿತ್ತು. ಗಳಿಗೆಗೊಮ್ಮೆ ಎಲೆ ಹಾಕುವ ಅವ್ವನಿಗೆ ಅಷ್ಟು ಸಾಕಿತ್ತು.

"ಎಲಿ ಹಾಕ್ಕೊಳ್ಳಾಕ ಅತ್ತಿ ಚಂಚಿ ಬಿಚ್ಚೇ ಬಿಚ್ತಾರ, ತಡಿ," ಎಂದ ಗಂಡ ಕಿರಣಕುಮಾರ.

ನಾಗರತ್ನಾ ಮೆಣಸಿನಕಾಯಿ ಚೀಲದ ಮೇಲೆ ಕುಸಿದಳು. "ಹಲ್ಲಿನ ಡಾಕ್ಟರ್ ಬ್ಯಾಡ ಅಂದ್ರಂತ ಮುಂಜಾನೆ ನಾನ ಎಲ್ಲಾ ತಗದೀನ್ರಿ. ಎಲಿ, ಅಡಿಕಿ, ಸುಣ್ಣದ ಡಬ್ಬಿ. ಖಾಲಿ ಐತಿ ಅಂತ ಅಕಿನೂ ನೋಡ್ಯಾಳ. ಇನ್ನ ಯಾಕ ಬಿಚ್ತಾಳ?"

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಷ್ಟರಲ್ಲಿ ಮೊಬೈಲ್ ಅವಳ ಮಡಿಲಲ್ಲಿ ನಡುಗಿತು. ನಕಾಶೆಯ ಮೇಲೆ ಒಂದು ಚುಕ್ಕೆ, ಮೋಟೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ. "ಲಗೂ ಬಾ," ಎಂದು ಕಿರಣಕುಮಾರ ಬೈಕಿನ ಕಡೆ ಓಡಿದ. ಅವಳು ಏಳುವಷ್ಟರಲ್ಲಿ ಮೊಬೈಲ್ ಮತ್ತೆ ನಡುಗಿತು, ಮತ್ತೊಮ್ಮೆ ನಡುಗಿತು. ಚುಕ್ಕೆ ಅಲ್ಲೇ ಇತ್ತು. ಚಂಚಿ ಖಾಲಿಯೆಂಬುದನ್ನು ಪ್ರತಿ ಸಲವೂ ಮರೆತು, ಅವ್ವ ಅದನ್ನು ಬಿಚ್ಚುತ್ತಲೇ ಇದ್ದಳು.