ಅಪ್ಪನ ಕೈಯ ವಾಸನೆ

ಈಗಲೂ ಗುರೆಳ್ಳು ಹುರಿಯುವಾಗ ನನಗೆ ಅಪ್ಪನ ಬಲಗೈ ನೆನಪಾಗುತ್ತದೆ.

ಆ ಮಧ್ಯಾಹ್ನ ಬಬಲೇಶ್ವರದ ಸಂತೆಯಿಂದ ಬಂದ ಅಪ್ಪ ಊಟ ಬೇಡವೆಂದ. ಅವ್ವ ಹುಬ್ಬು ಗಂಟಿಕ್ಕಿದಳು.

"ಎಲ್ಲಿ ಉಂಡ್ರಿ?"

"ಖಾನಾವಳ್ಯಾಗ."

ಅವ್ವ ಅವನ ಕೈ ಹಿಡಿದು ಮೂಸಿ ನೋಡಿದಳು. ಉಗುರಿನ ಸಂದಿಯಲ್ಲಿ ಗುರೆಳ್ಳು ಚಟ್ನಿಯ ಕರಿ ಜಿಡ್ಡು ಇನ್ನೂ ಉಳಿದಿತ್ತು.

"ಯಾವ ಖಾನಾವಳ್ಯಾಗ ಗುರೆಳ್ಳ ಚಟ್ನಿಗೆ ಹುಣಸಿ ಚಿಗುರು ಹಾಕ್ತಾರ್ರಿ?"

ಹಾಗೆ ಹಾಕುತ್ತಿದ್ದವಳು ನಮ್ಮ ಅಜ್ಜಿ. ಅದನ್ನು ಕಲಿತಿದ್ದವಳು ಅವಳ ಮಗಳು ಮಾತ್ರ. ಓಡಿಹೋಗಿ ಮದುವೆಯಾದ ಮೇಲೆ ಆ ಅತ್ತೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದೆಂದು ಹೇಳಿದವಳೇ ಅಜ್ಜಿ.

ಮೂಲೆಯಲ್ಲಿದ್ದ ಅಜ್ಜಿ ಎದ್ದು ಬಂದು, ತಾನೂ ಅಪ್ಪನ ಕೈಯನ್ನು ಬಹಳ ಹೊತ್ತು ಮೂಸಿದಳು.

"ಇನ್ನೂ ಉಪ್ಪು ಕಮ್ಮೀನ ಹಾಕತಾಳೇನಲೇ ಆಕಿ?" ಎಂದಳು.