ಯಾವ ಮಾವ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ತಪ್ಪಾದರೆ ಮನ್ನಿಸಬೇಕು. ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡಿದ್ದ ಹೆಂಗಸಿನ ಕಣ್ಣೆದುರೇ, ನಲವತ್ತು ವರ್ಷದ ಹಿಂದಿನ ಅಡುಗೆಮನೆಯಲ್ಲಿ, ಅವಳ ಸೋದರಮಾವ ಬಲಗೈಯಲ್ಲಿ ಸುತ್ತಿಗೆ ಎತ್ತಿ ಅವಳ ತಾಯಿಯ ತಲೆಗೆ ಹೊಡೆದ. ಐದು ವರ್ಷದವಳಿದ್ದಾಗ ಅವಳು ಕೋರ್ಟಿನಲ್ಲಿ "ಮಾವ ಹೊಡೆದ" ಅಂದಿದ್ದಳು. ಆ ಒಂದು ಮಾತಿಗೆ ಅವನು ಗಲ್ಲಿಗೇರಿದ್ದ. ಆ ಕೊಲೆಯನ್ನು ಮರುಸೃಷ್ಟಿಸಿದ ಈ ದೃಶ್ಯ ಸರಿಯಾಗಿದೆಯೇ ನೋಡಲು ಪೊಲೀಸ್ ವಸ್ತುಸಂಗ್ರಹಾಲಯದವರು ಈಗ ಅವಳನ್ನೇ ಕರೆಸಿದ್ದರು.

"ಬಲಗೈ ಅಲ್ಲ, ಎಡಗೈ," ಎಂದಳು.

ದೃಶ್ಯ ಕಟ್ಟಿದ ಹುಡುಗಿ ನಕ್ಕಳು. "ಗಲ್ಲಿಗೇರಿದವನು ಬಲಗೈಯವನಲ್ವಾ ಮೇಡಂ? ನಿಮ್ಮ ಮಾವನ ಕೈನೇ ಮರೆತ್ರಾ?"

ಅವಳನ್ನು ಸಾಕಿ ಬೆಳೆಸಿದ ಸೋದರತ್ತೆಯ ಗಂಡ ಪಕ್ಕದಲ್ಲೇ ಕೂತಿದ್ದರು. ಅವರನ್ನೂ ಅವಳು ಮಾತು ಬಂದಾಗಿನಿಂದ ಮಾವ ಎಂದೇ ಕರೆಯುತ್ತಿದ್ದಳು. "ಬಲಗೈ ಅಂತ ಹೇಳ್ಬಿಡು ಮಗಳೇ, ಮನೆಗೆ ಹೋಗೋಣ," ಎಂದು, ಎಂದಿನಂತೆ ಎಡಗೈಯಲ್ಲಿ ನೀರಿನ ಲೋಟ ಚಾಚಿದರು.

ಅವಳು ಕನ್ನಡಕ ಕಳಚಿ ಆ ಕೈಯನ್ನು ನೋಡಿದಳು. ಲೋಟ ತೆಗೆದುಕೊಂಡು ನೀರು ಕುಡಿದಳು.

"ಬಲಗೈನೇ ಇರ್ಲಿ ಬಿಡಮ್ಮ," ಎಂದಳು.

ಹಾಗೆಂದದ್ದು ಹೆದರಿಕೆಗೋ, ಅನ್ನದ ಋಣಕ್ಕೋ, ನನಗೆ ಗೊತ್ತಿಲ್ಲ.